ತಾಯಪ್ಪ ವಾಂಖೆಡೆಯಲ್ಲಿದ್ದ ದಿನ

ದೊಡ್ಡ ಸುದ್ದಿಗಳಿಗೂ ತಾಯಪ್ಪನಿಗೂ ಮೊದಲಿನಿಂದ ಆಗಿಬಂದಿರಲಿಲ್ಲ. ದೇಶದಲ್ಲಿ ಏನಾದರೊಂದು ಆಗುವ ಗಳಿಗೆ ಹತ್ತಿರ ಬಂತೆಂದರೆ, ಅವನ ಕಾಲು ತಾನಾಗಿ ಏನೂ ಆಗದ ಜಾಗವೊಂದನ್ನು ಹುಡುಕಿಕೊಂಡು ಹೋಗಿಬಿಡುತ್ತಿತ್ತು.

ಹಳೆಯ ನೋಟು ಇನ್ನು ನಡೆಯುವುದಿಲ್ಲ ಎಂದು ಟೀವಿಯಲ್ಲಿ ಹೇಳಿದ ರಾತ್ರಿ ಅವನು ಕ್ಷೌರದಂಗಡಿಯಲ್ಲಿ, ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಕ್ಷೌರದವನು ಸುದ್ದಿ ಕೇಳಿದವನೇ ಅರ್ಧ ಗಡ್ಡವನ್ನು ಅಲ್ಲಿಗೇ ಬಿಟ್ಟು ಮನೆಗೆ ಓಡಿದ. ತಾಯಪ್ಪ ಕಣ್ಣು ತೆರೆದಾಗ ಅಂಗಡಿಯಲ್ಲಿ ಕನ್ನಡಿ ಮತ್ತು ಅವನು, ಇಬ್ಬರೇ ಇದ್ದರು. ಲಾಕ್‌ಡೌನ್ ಸಾರಿದಾಗ ಹಲ್ಲುನೋವಿನ ಗುಳಿಗೆ ನುಂಗಿ ನಿದ್ದೆ ಹೋಗಿದ್ದ. ಮರುದಿನ ಎಂದಿನಂತೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಟು, ಖಾಲಿ ರಸ್ತೆ ನೋಡಿ ಸಂತೋಷಪಟ್ಟು, ಚೌಕದಲ್ಲಿ ನಿಂತಿದ್ದ ಪೊಲೀಸನಿಗೇ "ಆಜ್ ಟ್ರಾಫಿಕ್ ಭಾಳ ಛಲೋ ಹೈ ಸಾಬ್" ಎಂದು ಹೇಳಿದ್ದ. ಪೊಲೀಸ ಅದಕ್ಕೇನು ಉತ್ತರ ಕೊಟ್ಟ ಎಂಬುದನ್ನು ತಾಯಪ್ಪ ಯಾರಿಗೂ ಹೇಳಿಲ್ಲ. ಆದರೆ ಆ ವಾರವೆಲ್ಲ ಅವನು ನಿಂತುಕೊಂಡೇ ಊಟ ಮಾಡಿದ್ದನ್ನು ಹೆಂಡತಿ ಯಂಕವ್ವ ಕಂಡಿದ್ದಾಳೆ. ಚಂದ್ರನ ಮೇಲೆ ನಮ್ಮವರ ಯಂತ್ರ ಇಳಿದಾಗಲಂತೂ ಅವನು ಹೊಸ ಕಟ್ಟಡವೊಂದರ ಲಿಫ್ಟಿನಲ್ಲಿ, ಎರಡು ಅಂತಸ್ತುಗಳ ನಡುವೆ ಸಿಕ್ಕಿಬಿದ್ದಿದ್ದ. ಹೊರಗೆ ಜನ ಚಪ್ಪಾಳೆ ತಟ್ಟಿದ್ದು ಕೇಳಿ, ಲಿಫ್ಟ್ ರಿಪೇರಿಯಾಯಿತೆಂದು ತಾನೂ ಒಳಗಿನಿಂದ ತಟ್ಟಿದ್ದ.

ತಾಯಪ್ಪ ಯಾದಗಿರಿ ಕಡೆಯವನು. ಮೀಸೆ ಮೂಡುವ ವಯಸ್ಸಿನಲ್ಲಿ ಪುಣೆಗೆ ಬಂದು, ತಲೆಯ ಮೇಲೆ ಜಲ್ಲಿಯ ಖಡಿ ಹೊತ್ತು, ಆಮೇಲೆ ಸ್ಲ್ಯಾಬಿಗೆ ಹಲಗೆ, ಕಂಬ ಕೊಡುವ ಸೆಂಟ್ರಿಂಗ್ ಕಲಿತು, ಈಗ ಒಂದು ಗ್ಯಾಂಗಿಗೆ ಮೇಸ್ತ್ರಿಯಾಗಿದ್ದ. ಯೆರವಡಾದಲ್ಲಿ ಎರಡು ಕೋಣೆಯ ಸ್ವಂತ ಮನೆ. ಒಬ್ಬಳೇ ಮಗಳು ಅನುಸೂಯಾ ಬಿ.ಕಾಂ. ಮುಗಿಸಿ ತಳೇಗಾಂವದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಅದೇ ತಳೇಗಾಂವದ ಫ್ಯಾಕ್ಟರಿಯಲ್ಲಿದ್ದ, ಯಾದಗಿರಿ ಕಡೆಯವನೇ ಆದ ಸಂಜು ಎಂಬ ಹುಡುಗನಿಗೆ ಅವಳನ್ನು ಕೊಡುವುದೆಂದು ಮಾತಾಗಿ, ಮೇ ತಿಂಗಳಲ್ಲಿ ಮುಹೂರ್ತವೂ ಗೊತ್ತಾಗಿತ್ತು. ಇಷ್ಟೆಲ್ಲ ಇದ್ದೂ ತಾಯಪ್ಪನಿಗೆ ಮರ್ಯಾದೆ ಸಿಗದ ಜಾಗ ಒಂದೇ ಒಂದಿತ್ತು. ಅದು ಯೆರವಡಾ ಜೇಲಿಗೆ ಹೋಗುವ ರಸ್ತೆಯ ಚಹಾದ ಗೂಡಂಗಡಿ, ಅಲ್ಲಿಯವರ ಬಾಯಲ್ಲಿ ಟಪರಿ.

ಆ ಟಪರಿಯ ಬೆಂಚಿನ ಯಜಮಾನಿಕೆ ಅಪ್ಪಾಸಾಹೇಬರದು. ಖಡಕಿಯ ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತರಾದ ಮರಾಠಿ ಗೃಹಸ್ಥರು. ಅವರೆದುರು ಬೆಂಚಿನ ಮಾತೆಲ್ಲ ಮರಾಠಿಯಲ್ಲೇ. ಚಹಾ ಬಂದ ಕೂಡಲೆ ಅವರು ಯಾವುದಾದರೊಂದು ಹಳೆಯ ಸುದ್ದಿ ಎತ್ತಿ, "ಆ ದಿನ ನೀನು ಎಲ್ಲಿದ್ದಿ?" ಎಂದು ಬೆಂಚಿನುದ್ದಕ್ಕೂ ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ತಾಯಪ್ಪನ ಸರದಿ ಬರುವ ಮುಂಚೆಯೇ ಜನ ನಗಲು ಬಾಯಿ ಸಜ್ಜು ಮಾಡಿಕೊಳ್ಳುತ್ತಿದ್ದರು. ಕ್ಷೌರದಂಗಡಿ, ಗುಳಿಗೆ, ಇಂಥವೇ ಉತ್ತರಗಳು. ಮನುಷ್ಯ ಎಷ್ಟು ದಿನ ತಡೆದಾನು?

ಒಂದು ದಿನ ಅಪ್ಪಾಸಾಹೇಬರು ಎರಡು ಸಾವಿರದ ಹನ್ನೊಂದರ ವಿಶ್ವಕಪ್ ಫೈನಲ್ ಎತ್ತಿದರು. ಮುಂಬಯಿಯ ವಾಂಖೆಡೆ ಮೈದಾನದಲ್ಲಿ ನಮ್ಮ ಕ್ಯಾಪ್ಟನ್ ಸಿಕ್ಸರ್ ಹೊಡೆದು ಕಪ್ ಗೆದ್ದ ಮ್ಯಾಚು. ಆ ದಿನ ತಾಯಪ್ಪ ಇದ್ದುದು ತಗಡಿನ ಮೇಲೆ. ಆಗ ಅವನ ಗ್ಯಾಂಗು ಯೆರವಡಾದ ಒಂದು ಸೈಟಿನ ಪಕ್ಕದಲ್ಲಿ ತಗಡಿನ ಶೆಡ್ಡುಗಳಲ್ಲಿ ಇತ್ತು. ಇಡೀ ಕ್ಯಾಂಪಿಗೆ ಒಂದೇ ಟೀವಿ, ಆ ಟೀವಿಗೆ ಮುರುಕು ಆ್ಯಂಟೆನಾ. ಯಾರಾದರೂ ಹತ್ತಿ ಕೈಯಲ್ಲಿ ಹಿಡಿದು ನಿಂತರಷ್ಟೇ ಚಿತ್ರ. ಎಲ್ಲರ ಕೈಗೂ ಅದು ಬರುತ್ತಿರಲಿಲ್ಲ ಎಂಬುದು ಇನ್ನೊಂದು ಸಂಗತಿ. ಗ್ಯಾಂಗಿನ ಭೀಮು ಹಿಡಿದರೆ ಇರುವೆ ಮುತ್ತಿದಂತೆ ಕಾಣುತ್ತಿತ್ತು, ಬೇರೆಯವರು ಹಿಡಿದರೆ ಬರೀ ದನಿ. ತಾಯಪ್ಪ ಹಿಡಿದರೆ ಮಾತ್ರ ಗಾಜಿನಂಥ ಚಿತ್ರ. "ಇವನ ಮೈಯಾಗ ಏನೋ ತಂತಿ ಅದ" ಎಂದು ಕ್ಯಾಂಪು ತೀರ್ಮಾನಿಸಿತ್ತು. ಹೀಗಾಗಿ ಎರಡನೆಯ ಇನ್ನಿಂಗ್ಸ್ ಪೂರ್ತಿ ಅವನು ಮೇಲೆ, ಮ್ಯಾಚು ಕೆಳಗೆ.

ಇದನ್ನೇ ಹೇಳಬೇಕೆಂದು ತಾಯಪ್ಪ ಬಾಯಿ ತೆರೆದ. ಬೆಂಚು ಆಗಲೇ ಹಲ್ಲು ತೋರಿಸತೊಡಗಿತ್ತು. ಅದನ್ನು ಕಂಡು ಅವನ ನಾಲಿಗೆ ಯಜಮಾನನನ್ನು ಕೇಳದೆ, "ನಾನಾ? ವಾಂಖೆಡೆದಾಗ ಇದ್ದೆ" ಎಂದುಬಿಟ್ಟಿತು.

ಚಹಾದ ಗ್ಲಾಸುಗಳು ಇದ್ದಲ್ಲೇ ನಿಂತವು.

"ಕಾಯ್ ಸಾಂಗ್ತೋಸ್?" ಏನು ಹೇಳುತ್ತಿದ್ದೀ ಎಂದು ಅಪ್ಪಾಸಾಹೇಬರು ಕನ್ನಡಕ ಮೇಲೇರಿಸಿದರು. "ಟಿಕೆಟ್ ಹೇಗೆ ಸಿಕ್ಕಿತು?"

"ಬಿಲ್ಡರ್ ಸಾಹೇಬರು ಕೊಟ್ಟಿದ್ರು."

"ಎಲ್ಲಿ ಸೀಟು?"

ತಾಯಪ್ಪನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಮೊದಲನೆಯದು ಹೇಗೋ ಜಾರಿತ್ತು, ಎರಡನೆಯದಕ್ಕೆ ಸಾಮಾನು ಸಾಲದೆ ನಿಜವನ್ನೇ ಬಳಸಿಕೊಂಡ. "ಎಲ್ಲಾರಕಿಂತ ಮ್ಯಾಲ. ತಗಡ ಭಾಳ ಬಿಸಿ ಇತ್ರಿ. ಬಾಲ್ ಏನೂ ಕಾಣ್ತಿದ್ದಿಲ್ಲ. ಕೆಳಗ ಮಂದಿ ಒದರೋದರ ಮ್ಯಾಲೆ ತಿಳಕೋಬೇಕಿತ್ತು. ಸಿಕ್ಸ್ ಹೋತು, ಎಲ್ಲಾರೂ ಹೊರಗ ಓಡಿಹೋದ್ರು. ನಾ ಒಬ್ಬನ ಉಳದೆ."

"ಇಷ್ಟು ವಿವರವನ್ನು ಯಾರೂ ಕಟ್ಟಿ ಹೇಳಲಾರರು" ಎಂದು ಅಪ್ಪಾಸಾಹೇಬರು ತೀರ್ಪು ಕೊಟ್ಟರು. ಬೆಂಚಿನ ತುದಿಯಲ್ಲಿದ್ದ ಭೀಮು, ಅದೇ ಕ್ಯಾಂಪಿನ ಭೀಮು, ಚಹಾದೊಳಗೆ ಮುಖ ಹಾಕಿ ಸುಮ್ಮನೆ ಕುಡಿದ. ಅವನು ಯಾಕೆ ಸುಮ್ಮನಿದ್ದ ಎಂದು ತಾಯಪ್ಪ ಕೇಳಲಿಲ್ಲ. ಸಾಲ ಕೊಟ್ಟವನು ತಾನಾಗಿ ಮರೆತಾಗ ಯಾರೂ ಜ್ಞಾಪಿಸುವುದಿಲ್ಲವಷ್ಟೆ.

ಆ ದಿನದಿಂದ ತಾಯಪ್ಪನಿಗೆ ಬೆಂಚಿನ ನಡುವೆ ಜಾಗ ಸಿಕ್ಕಿತು. ಕೆಲವು ತಿಂಗಳು ವಾಂಖೆಡೆ ಟಪರಿಯೊಳಗೇ ಸುಖವಾಗಿ ಇತ್ತು. ಅದು ಹೊರಗೆ ಬಂದದ್ದು ಪುನೀತನಿಂದ.

ಪುನೀತ ಮಂಡ್ಯದ ಹುಡುಗ, ಯೆರವಡಾದ ಐಟಿ ಪಾರ್ಕಿನಲ್ಲಿ ಕೆಲಸ. ಊರಿನ ಕನ್ನಡ ಬಳಗವೊಂದಕ್ಕೆ ಯುವ ಕಾರ್ಯದರ್ಶಿ. ಮ್ಯಾಚಿಗೆ ಹದಿನೈದು ವರ್ಷವಾದ ನೆಪದಲ್ಲಿ "ಆ ದಿನ ನಾನೆಲ್ಲಿದ್ದೆ" ಎಂದು ಪುಣೆಯ ಕನ್ನಡಿಗರನ್ನು ಕೇಳಿ ಮೊಬೈಲಿನಲ್ಲಿ ರೀಲು ಹಿಡಿಯುತ್ತಿದ್ದ. ಟಪರಿಗೆ ಬಂದವನಿಗೆ ಅಪ್ಪಾಸಾಹೇಬರೇ ತಾಯಪ್ಪನನ್ನು ತೋರಿಸಿದರು, ಸ್ವಂತ ಹೊಲದ ಬೆಳೆ ತೋರಿಸುವಂತೆ.

"ವಾವ್ ಅಂಕಲ್, ಸೂಪರ್ ಕಂಟೆಂಟ್ ಇದು. ಇಲ್ಲೇ ನೋಡ್ಕೊಂಡು ಹೇಳಿ."

ತಾಯಪ್ಪ ಮೊಬೈಲಿನ ಕಣ್ಣಿಗೆ ಕಣ್ಣಿಟ್ಟು ಎಲ್ಲವನ್ನೂ ಹೇಳಿದ. ತಗಡು, ಬಿಸಿ, ಒದರಾಟ. ಸಂಜೆಯೊಳಗೆ ಅದು ಪುಣೆಯ ಕನ್ನಡಿಗರ ಮೊಬೈಲುಗಳನ್ನೆಲ್ಲ ಸುತ್ತಿ, ಸೊಲ್ಲಾಪುರ ದಾಟಿ, ಯಾದಗಿರಿಯಲ್ಲಿ ಇಳಿದು, ಯಂಕವ್ವನ ತಮ್ಮ ದತ್ತುವಿನ ಕೈಗೆ ಬಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಕಪ್ ಗೆದ್ದ ಆ ಶನಿವಾರವೇ ದತ್ತುವಿನ ಮದುವೆ ಆಗಿತ್ತು. ಗೋಧೂಳಿ ಮುಹೂರ್ತ. ಆ ಮನೆತನದಲ್ಲಿ ಮದುಮಗನಿಗೆ ಬಾಸಿಂಗ ಕಟ್ಟಬೇಕಾದವನು ಅಕ್ಕನ ಗಂಡ. ಬೇರೆಯವರು ಕಟ್ಟುವಂತಿಲ್ಲ. ಯಂಕವ್ವ ಪುಟ್ಟ ಅನುಸೂಯಾಳನ್ನು ಕರೆದುಕೊಂಡು ವಾರ ಮುಂಚೆಯೇ ತವರಿಗೆ ಹೋಗಿದ್ದಳು. ತಾಯಪ್ಪ ಮಾತ್ರ ಹೋಗಲಿಲ್ಲ. ಸೈಟಿನಲ್ಲಿ ಆ ದಿನ ಸ್ಲ್ಯಾಬು ಹಾಕುವುದಿತ್ತು. ಸ್ಲ್ಯಾಬು ಎಂದರೆ ಹೆರಿಗೆಯ ಹಾಗೆ, ಒಮ್ಮೆ ಸುರುವಾದರೆ ನಡುವೆ ನಿಲ್ಲಿಸಿ ಮದುವೆಗೆ ಹೋಗಿಬರಲಾಗದು. ಕೆಳಗೆ ಕಂಬ ಕೊಟ್ಟ ಮೇಸ್ತ್ರಿ ಮೇಲಿನ ಕಾಂಕ್ರೀಟು ಮುಗಿಯುವವರೆಗೆ ಅಲ್ಲಾಡುವಂತಿಲ್ಲ. ಇದು ನಿಜವೇ ಆಗಿತ್ತು, ದತ್ತು ನಂಬಿಯೂ ಇದ್ದ. ಆದರೆ ಅವನ ಹೊಟ್ಟೆಯ ಉರಿ ಬೇರೆ. ಆ ಸಂಜೆ ಊರ ಗಂಡಸರೆಲ್ಲ ಮ್ಯಾಚು ನೋಡಲು ಹೋಗಿ, ಬ್ಯಾಂಡಿನವರೂ ಅವರ ಹಿಂದೆ ಹೋಗಿ, ಬಾಸಿಂಗ ಕಟ್ಟಲು ಕೈಗೆ ಸಿಕ್ಕವನು ಹಾರ್ಮೋನಿಯಂ ಮರೆತು ಹೋಗಿ ವಾಪಸು ಬಂದಿದ್ದ ಭಜನೆಯವನು ಒಬ್ಬನೇ. ಅವನು ಕಟ್ಟಿದ ಬಾಸಿಂಗ ಜಾರಿ ಜಾರಿ ಕಣ್ಣಿನ ಮೇಲೆ ಬಂತು. ದತ್ತುವಿನ ಮದುವೆಯ ಫೋಟೋಗಳಲ್ಲಿ ಮದುಮಗಳು ಇದ್ದಾಳೆ, ಬಾಸಿಂಗ ಇದೆ, ದತ್ತು ಇಲ್ಲ.

ಅವನ ಫೋನು ಬಂದಾಗ ಯಂಕವ್ವ ರೊಟ್ಟಿ ಬಡಿಯುತ್ತಿದ್ದಳು. ಸ್ಪೀಕರು ಹಾಕಿದಳು.

"ಯಕ್ಕಾ, ಭಾವಾರು ನನ್ನ ಮದವಿಗಿ ಯಾಕ ಬರಲಿಲ್ಲ?"

"ಸ್ಲ್ಯಾಬ್ ಇತ್ತಲ್ಲೋ."

"ಎಲ್ಲಿ ಸ್ಲ್ಯಾಬ್, ವಾಂಖೆಡೆದಾಗೇನು?" ಎಂದು ದತ್ತು ರೀಲಿನ ದನಿಯನ್ನು ಫೋನಿನೊಳಗೇ ಕೇಳಿಸಿದ. ಗಂಡನ ದನಿ, ತಗಡು, ಒದರಾಟ. "ಊರಾಗಿನ ಮಂದಿ ಟೀವಿ ಮುಂದ ಕುಂತದ್ದು ನಾ ಮಾಫ್ ಮಾಡೀನಿ. ಇವ್ರು ಟಿಕೆಟ್ ತಗದು ಹೋಗ್ಯಾರ. ಅನುಸೂಯಾನ ಮದವಿಗಿ ನನ್ನ ಕರೀಬ್ಯಾಡ. ಆವತ್ತ ಎಲ್ಲಿರೆ ಮ್ಯಾಚ್ ಇದ್ದೇ ಇರ್ತದ, ನಾನೂ ಹೋಗ್ತೀನಿ."

ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಸೋದರಮಾವ ಮದುಮಗಳ ಬೆನ್ನ ಹಿಂದೆ ನಿಲ್ಲಬೇಕು. ಒಬ್ಬನೇ ಸೋದರಮಾವ, ಅವನೇ ಬರುವುದಿಲ್ಲವೆಂದರೆ ಬೀಗರ ಮುಂದೆ ಏನು ಹೇಳುವುದು? ಯಂಕವ್ವ ರೊಟ್ಟಿಯನ್ನು ಹಂಚಿನ ಮೇಲೆ ಎಸೆದಳು. ಅಂದಿನಿಂದ ಗಂಡನೊಂದಿಗೆ ನೇರ ಮಾತು ಬಿಟ್ಟಳು. ಏನು ಹೇಳುವುದಿದ್ದರೂ ಕುಕ್ಕರಿಗೆ ಹೇಳುತ್ತಿದ್ದಳು. "ಕೇಳಿಲ್ಲೇನ ಕುಕ್ಕರ, ಹೆತ್ತ ಮಗಳ ಮದವಿ ಮುರದ್ರೂ ಕೆಲವ್ರಿಗಿ ಕ್ರಿಕೆಟ್ ದೊಡ್ದು." ಕುಕ್ಕರು ಪ್ರತಿ ಸಲವೂ ಸಿಳ್ಳು ಹಾಕಿ ಒಪ್ಪುತ್ತಿತ್ತು.

ಅನುಸೂಯಾ ಮಾತ್ರ ಅಪ್ಪನ ಪಕ್ಕ ಕೂತು ಮೆಲ್ಲಗೆ ಕೇಳಿದಳು. "ಅಪ್ಪಾ, ಖರೇ ಹೋಗಿದ್ದೇನು?"

"ಇಲ್ಲವ್ವ."

"ಹಂಗಾರ ಮಾವಗ ಖರೇ ಹೇಳು. ಅಷ್ಟ."

ಅಷ್ಟೇ ಎಂದು ತಾಯಪ್ಪನಿಗೂ ಅನ್ನಿಸಿತು. ಸುಳ್ಳನ್ನು ಹೇಳುವುದಕ್ಕಿಂತ ವಾಪಸು ಪಡೆಯುವುದು ಎಷ್ಟು ಕಷ್ಟ ಎಂಬುದು ಅನುಭವವಿಲ್ಲದವರಿಗೆ ತಿಳಿಯದು. ಅವನು ದತ್ತುವಿಗೆ ಫೋನು ಹಚ್ಚಿದ.

"ದತ್ತು, ನಾ ಸುಳ್ಳ ಹೇಳೀನೋ."

"ಯಾವುದು ಸುಳ್ಳು ಭಾವಾರ? ಸ್ಲ್ಯಾಬ್ ಸುಳ್ಳೋ, ವಾಂಖೆಡೆ ಸುಳ್ಳೋ?"

"ವಾಂಖೆಡೆ. ಸ್ಲ್ಯಾಬ್ ಖರೇನ. ಸಂಜಿಮುಂದ ಮುಗೀತು."

"ಮುಗದ ಮ್ಯಾಲ ಎಲ್ಲಿದ್ರಿ?"

"ತಗಡಿನ ಮ್ಯಾಲ. ಆ್ಯಂಟೆನಾ ಹಿಡಕೊಂಡಿದ್ದೆ."

"ಕೈಲೆ?"

"ಕೈಲೆ. ನಾ ಹಿಡದ್ರನ ಚಿತ್ರ ಬರ್ತಿತ್ತು."

ದತ್ತು ಬಹಳ ಬೇಸರದಿಂದ ಹೇಳಿದ. "ಭಾವಾರ, ಸುಳ್ಳ ಹೇಳೋದಾದ್ರ ವಾಂಖೆಡೆನೇ ಛಲೋ ಇತ್ತು."

"ಬೇಕಾದ್ರ ಭೀಮುಗ ಕೇಳು."

"ಭೀಮು ನಿಮ್ಮ ಗ್ಯಾಂಗಿನವ. ನೀವು ಆನಿ ಹಾರ್ತದ ಅಂದ್ರ, ಹೌದ್ರಿ, ರೆಕ್ಕಿ ನಾನೂ ನೋಡೀನಿ ಅಂತಾನ."

ಫೋನು ಇಟ್ಟ. ಒಂದು ಬಾಗಿಲು ಮುಚ್ಚಿತು. ತಾಯಪ್ಪ ಇನ್ನೊಂದನ್ನು ತಟ್ಟಿದ. ಪುನೀತನನ್ನು ಹುಡುಕಿಕೊಂಡು ಹೋಗಿ, ಆ ರೀಲು ತೆಗೆದುಹಾಕಬೇಕು, ತಾನು ವಾಂಖೆಡೆಯ ಬಾಗಿಲನ್ನೂ ಕಂಡವನಲ್ಲ ಎಂದ.

ಪುನೀತ ಎದೆಯ ಮೇಲೆ ಕೈಯಿಟ್ಟುಕೊಂಡ. "ಅಂಕಲ್, ಎಷ್ಟು ಹಂಬಲ್ ನೀವು. ನಮ್ಮ ಕಡೆ ಒಂದ್ಸಲ ಮ್ಯಾಚ್ ನೋಡ್ದೋರು ಬೋರ್ಡ್ ಹಾಕ್ಕೋತಾರೆ. ಪಬ್ಲಿಸಿಟಿ ಬೇಡ ಅಂತ ಅಲ್ವಾ ನೀವು ಹೀಗ್ ಹೇಳ್ತಿರೋದು?"

"ಅಲ್ಲಪ್ಪ, ನಾ ಖರೇನ ಹೋಗಿಲ್ಲ."

"ಇದನ್ನೂ ಸ್ಟೇಜ್ ಮೇಲೆ ಹೀಗೇ ಹೇಳಿ ಅಂಕಲ್, ಜನ ಕರಗಿಹೋಗ್ತಾರೆ. ಭಾನುವಾರ ಬೆಳಿಗ್ಗೆ ನಿಮಗೆ ಸನ್ಮಾನ. ಬ್ಯಾನರ್ ಆಗೋಯ್ತು."

ಬ್ಯಾನರು ನಿಜಕ್ಕೂ ಆಗಿಹೋಗಿತ್ತು. ಮರುದಿನ ಬೆಳಿಗ್ಗೆ ಮನೆಯ ಓಣಿಯ ಬಾಯಿಗೇ ತೂಗುಬಿದ್ದಿತ್ತು. ಅದರಲ್ಲಿ ತಾಯಪ್ಪನ ಮುಖ ಅವನ ಮನೆಯ ಬಾಗಿಲಿಗಿಂತ ದೊಡ್ಡದಾಗಿತ್ತು. ಕೆಳಗೆ, "ವಾಂಖೆಡೆಯ ಪ್ರತ್ಯಕ್ಷದರ್ಶಿ ಶ್ರೀ ತಾಯಪ್ಪನವರಿಗೆ ಸನ್ಮಾನ." ತರಕಾರಿ ಗಾಡಿಯವನು ತೂಕಕ್ಕೆ ಮೇಲೆ ಎರಡು ಹಸಿಮೆಣಸಿನಕಾಯಿ ಹಾಕಿಕೊಟ್ಟ. ಮೂರನೆಯ ಮನೆಯವನು, ಇಷ್ಟು ಬಲ್ಲ ನೀವು ಈ ಸಲದ ಐಪಿಎಲ್ಲಿಗೂ ನಾಲ್ಕು ಟಿಕೆಟ್ ಹೇಳಿಬಿಡಿ ಎಂದ. ಅಪ್ಪಾಸಾಹೇಬರು ಸಮಾರಂಭಕ್ಕೆಂದು ತಮ್ಮ ಗಾಂಧಿ ಟೋಪಿಗೆ ಇಸ್ತ್ರಿ ಮಾಡಿಸಿದರು. ಬೀಗಿತ್ತಿ ಮಹದೇವಮ್ಮ ತಳೇಗಾಂವದಿಂದ ಫೋನು ಮಾಡಿ, "ನಮ್ಮ ಬೀಗ್ರು ಇಷ್ಟ ದೊಡ್ಡ ಮಂದಿ ಅಂತ ಗೊತ್ತಿದ್ದಿಲ್ಲ ನೋಡ್ರಿ" ಎಂದು ಹೊಗಳಿ, ಹೊಗಳಿಕೆಯ ಕೊನೆಗೆ, "ಅನುಸೂಯಾನ ಸೋದರಮಾವ ಎರಡ ದಿನ ಮದ್ಲ ಬರ್ತಾರಲ್ರಿ? ನಮ್ಮ ಕಡಿ ಹಿರೇರು ಅದನ್ನ ಕೇಳ್ತಾರ" ಎಂದರು.

ಯಂಕವ್ವ ಫೋನು ಇಟ್ಟು ಕುಕ್ಕರಿನ ಕಡೆ ತಿರುಗಿದಳು. ಈ ಸಲ ಅದಕ್ಕೂ ಏನೂ ಹೇಳಲಿಲ್ಲ. ಅವಳು ಸುಮ್ಮನಾದದ್ದು ಕಂಡು ತಾಯಪ್ಪನಿಗೆ ಮೊದಲ ಸಲ ನಿಜವಾದ ಹೆದರಿಕೆಯಾಯಿತು.

ಭಾನುವಾರ ಬಳಗದ ಸಭಾಂಗಣ ತುಂಬಿತ್ತು. ಉಪ್ಪಿಟ್ಟು, ಶಿರಾ ಇದೆ ಎಂಬ ವಾರ್ತೆ ಹಬ್ಬಿ ಹಳೆಯ ಕ್ಯಾಂಪಿನ ಮಂದಿಯೆಲ್ಲ ಭೀಮುವಿನ ಹಿಂದೆ ಬಂದು ಕೊನೆಯ ಸಾಲು ಹಿಡಿದಿದ್ದರು. ಪುನೀತ ತಾಯಪ್ಪನಿಗೆ ಶಾಲು ಹೊದಿಸಿ, ತಲೆಯ ಮೇಲೆ ಮೈಸೂರು ಪೇಟ ಇಟ್ಟು, ಕೈಗೆ ಮೈಕು ಕೊಟ್ಟ. ತಾಯಪ್ಪ ಎದುರು ನೋಡಿದ. ಮೊದಲ ಸಾಲಿನಲ್ಲಿ ಯಂಕವ್ವ. ಅವಳ ಪಕ್ಕದಲ್ಲಿ, ರಾತ್ರಿಯ ರೈಲು ಇಳಿದ ಸುಕ್ಕು ಅಂಗಿಯಲ್ಲೇ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಅಕ್ಕ ಫೋನು ಮಾಡಿ ಕರೆಸಿದ್ದ ದತ್ತು.

"ಎಲ್ಲಾರೂ ಕೇಳ್ರಿ" ಎಂದು ತಾಯಪ್ಪ ಸುರು ಮಾಡಿದ. "ನಾ ವಾಂಖೆಡೆಗೆ ಹೋಗಿಲ್ಲ."

ಜನ ಚಪ್ಪಾಳೆ ತಟ್ಟಿದರು. ಪುನೀತ ಪಕ್ಕದವರಿಗೆ, ನೋಡಿ, ನಾನು ಹೇಳಿರಲಿಲ್ಲವೇ, ಎಂಬಂತೆ ಕಣ್ಣು ಮಿಟುಕಿಸಿದ.

"ಚಪ್ಪಾಳಿ ಹೊಡೀಬ್ಯಾಡ್ರಿ. ಖರೇ ಹೇಳ್ತೀನಿ. ನಾ ತಗಡಿನ ಮ್ಯಾಲ ಆ್ಯಂಟೆನಾ ಹಿಡಕೊಂಡು ನಿಂತಿದ್ದೆ. ಮ್ಯಾಚ್ ನಾ ನೋಡೇ ಇಲ್ಲ."

ಈ ಸಲ ಸಭೆ ಬಿದ್ದು ಬಿದ್ದು ನಕ್ಕಿತು. ಬಳಗದ ಅಧ್ಯಕ್ಷರು ಕಣ್ಣೊರೆಸಿಕೊಂಡು, ಇವರನ್ನು ಮುಂದಿನ ವರ್ಷದ ಹಾಸ್ಯೋತ್ಸವಕ್ಕೂ ಕರೆಯಬೇಕೆಂದು ಪುನೀತನ ಕಿವಿಯಲ್ಲಿ ಹೇಳಿದರು. ನಗದೆ ಇದ್ದವರು ಇಬ್ಬರೇ. ಯಂಕವ್ವ ಸೆರಗು ಬಾಯಿಗಿಟ್ಟುಕೊಂಡು ನೆಲ ನೋಡುತ್ತಿದ್ದಳು. ದತ್ತು ಚೀಲವನ್ನು ಅಕ್ಕನ ಮಡಿಲಿಗೆ ಇಟ್ಟು ಎದ್ದು ನಿಂತ.

"ನಾ ಇವ್ರ ಹೆಂಡತಿ ತಮ್ಮ. ಆವತ್ತ ನನ್ನ ಮದವಿ ಇತ್ತು. ನನಗ ಬಾಸಿಂಗ ಕಟ್ಟಬೇಕಾಗಿದ್ದವ್ರು ಇವ್ರು." ವೇದಿಕೆಯ ಕಡೆ ತಿರುಗಿದ. "ಭಾವಾರ, ಮಂದಿ ನಗಸಾಕ ಈ ಮಾತ ಸಾಕು. ನನಗ ಸಾಲಂಗಿಲ್ಲ. ನೀವು ಆ್ಯಂಟೆನಾ ಹಿಡದದ್ದಕ್ಕ ಸಾಕ್ಷಿ ಏನು?"

ಆ್ಯಂಟೆನಾ ಹಿಡಿದವರಿಗೆ ಯಾರೂ ರಸೀದಿ ಕೊಡುವುದಿಲ್ಲ. ಮೈಕು ಕುಂಯ್ ಎಂದು ಕೂಗತೊಡಗಿತು. ಪುನೀತ ವೈರು ಎಳೆದ, ಇನ್ನೂ ಜೋರಾಗಿ ಕೂಗಿತು. ಜನ ಕಿವಿ ಮುಚ್ಚಿಕೊಂಡರು.

ಆಗ ಕೊನೆಯ ಸಾಲಿನಿಂದ ಭೀಮು, ಬಾಯಿಯ ಸುತ್ತ ಎರಡೂ ಕೈ ಹಿಡಿದು ಒದರಿದ. "ತಾಯಪ್ಪಾ, ಜೇಲ್ ಕಡಿ ಸ್ವಲ್ಪ."

ತಾಯಪ್ಪ ಯೋಚಿಸಲಿಲ್ಲ. ಅವನ ಎರಡೂ ಕೈ ಮೈಕಿನ ಸಮೇತ ತಲೆಯ ಮೇಲಕ್ಕೆ ಹೋದವು. ಸೊಂಟದಿಂದ ಮೇಲಿನ ಮೈಯೆಲ್ಲ, ಬಾಗಿಲಿನ ತಿರುಗಣಿಯ ಹಾಗೆ, ಎಡಕ್ಕೆ ತಿರುಗಿತು. ಜೇಲು ಎಡಕ್ಕೇ ಇತ್ತು.

"ಭಾಳಾತು, ಭಾಳಾತು. ನದಿ ಕಡಿ ಒಂದೀಟು."

ಮೈ ಕೂದಲೆಳೆಯಷ್ಟು ಬಲಕ್ಕೆ ಬಂತು.

"ಎಡಗಾಲ ಎತ್ತು."

ತಾಯಪ್ಪ ಎಡಗಾಲು ಎತ್ತಿದ. ಶಾಲು ಜಾರಿ ಬಿತ್ತು. ಪೇಟ ಓರೆಯಾಯಿತು. ಅವನ ಮುಖದ ಮೇಲೆ ಹದಿನೈದು ವರ್ಷದ ಹಿಂದಿನ ಗಾಳಿ ಬೀಸುತ್ತಿದ್ದಂತೆ ಕಣ್ಣು ಕಿರಿದಾದವು.

"ಹಾಂ, ಬಂತು" ಎಂದು ಕೊನೆಯ ಸಾಲಿಗೆ ಸಾಲೇ ಕೂಗಿತು. "ಬಂತು, ಬಂತು, ಅಲ್ಲಾಡಬ್ಯಾಡ."

ತಾಯಪ್ಪ ಒಂಟಿಕಾಲಿನ ಮೇಲೆ ಕಲ್ಲಿನ ಹಾಗೆ ನಿಂತ. ಮೈಕಿನ ಕೂಗು ಟಕ್ಕನೆ ನಿಂತಿತು. ಇಡೀ ಸಭಾಂಗಣದಲ್ಲಿ ಅಷ್ಟು ಸ್ವಚ್ಛವಾದ ಮೌನ ಆ ಬಳಗದ ಇತಿಹಾಸದಲ್ಲೇ ಆಗಿರಲಿಲ್ಲ.

ಇಂಥ ನಿಲುವನ್ನು ಒಂದು ದಿನದಲ್ಲಿ ಯಾರೂ ಕಲಿಯಲಾರರು. ದತ್ತು ಅವನನ್ನೇ ನೋಡುತ್ತ ನಿಂತಿದ್ದ.

"ಸಿಕ್ಸ್ ಹೋತ್ರಿ" ಎಂದ ಭೀಮು, ದನಿ ಇಳಿಸಿ, ದತ್ತುವಿಗೇ ಹೇಳುವಂತೆ. "ನಾವು ಕುಣಕೋತ ರಸ್ತಾಕ ಓಡಿದ್ವಿ. ಧ್ವಜ ಏರ್ಸಾಕ ಅಂತ ಏಣಿನೂ ಒಯ್ದ್ವಿ. ಇವ ಮ್ಯಾಲ ಇದ್ದದ್ದು ಒಬ್ಬರಿಗೂ ಖಬರಿಲ್ಲ. ಮುಂಜಾನಿ ನೋಡಿದ್ರ ತಗಡಿನ ಮ್ಯಾಲ ಆ್ಯಂಟೆನಾ ಅಪ್ಪಿಕೊಂಡು ಮಲಗ್ಯಾನ. ಆ ಮ್ಯಾಚ್ ನಮಗೆಲ್ಲ ತೋರಿಸಿದಂವ ಇವ. ಇವ ವಾಂಖೆಡೆದಾಗಿದ್ದೆ ಅಂದಾಗ ನಾವ್ ಯಾವ ಬಾಯಿಲೆ ಇಲ್ಲ ಅನ್ನೋದ್ರಿ? ಇರ್ಲಿ, ಕುಂತು ನೋಡಿದ್ಹಂಗರೆ ಆತು ಅಂತ ಸುಮ್ಮನಾದ್ವಿ."

ತಾಯಪ್ಪ ಇನ್ನೂ ಒಂಟಿಕಾಲಿನ ಮೇಲೇ ಇದ್ದ. ಇಳಿಸು ಎಂದು ಯಾರೂ ಹೇಳಿರಲಿಲ್ಲ.

ದತ್ತು ವೇದಿಕೆ ಹತ್ತಿದ. ಹತ್ತಿರ ಬಂದು, ಭಾವನ ಎತ್ತಿದ ಕೈಗಳನ್ನು ಒಂದೊಂದಾಗಿ ಕೆಳಗಿಳಿಸಿದ.

"ಅವ್ರಿಗಿ ರಾತ್ರಿತನ ಕೈ ಎತ್ತಿ ನಿಂತ್ರಿ" ಎಂದ. "ನನ್ನ ಬಾಸಿಂಗಕ ಎರಡ ಗಂಟು ಸಾಕಿತ್ತು."

"ಸ್ಲ್ಯಾಬ್ ಬಿಟ್ಟು ಬರಾಕ ಬರ್ತಿದ್ದಿಲ್ಲೋ. ಬರೋ ಹಂಗಿದ್ರ ನಡಕೋತ ಬರ್ತಿದ್ದೆ." ತಾಯಪ್ಪ ಏನು ಮಾಡಬೇಕೆಂದು ತಿಳಿಯದೆ ತಲೆಯ ಮೇಲಿನ ಮೈಸೂರು ಪೇಟವನ್ನು ತೆಗೆದ. ಅದನ್ನು ದತ್ತುವಿನ ತಲೆಗೆ ಇಟ್ಟ. ಸಡಿಲವಿತ್ತು. ತನ್ನ ಕರವಸ್ತ್ರವನ್ನು ಉದ್ದಕ್ಕೆ ಮಡಚಿ, ಪೇಟದ ಸುತ್ತ ಬಿಗಿದು, ಹಿಂದೆ ಗಂಟು ಹಾಕಿದ. ಸೆಂಟ್ರಿಂಗಿನವನ ಗಂಟು. ಅದರ ಮೇಲೆ ಬೇಕಾದರೆ ಸ್ಲ್ಯಾಬು ಹಾಕಬಹುದಿತ್ತು.

"ಈಗ ಜಾರಂಗಿಲ್ಲ" ಎಂದ.

ದತ್ತು ತಲೆಯನ್ನು ಆ ಕಡೆ, ಈ ಕಡೆ ಅಲ್ಲಾಡಿಸಿ ನೋಡಿದ. ಜಾರಲಿಲ್ಲ. "ಒಂದು ಫೋಟೋ ಹೊಡೀಪ್ಪ" ಎಂದು ಪುನೀತನಿಗೆ ಹೇಳಿ ಮುಂದೆ ತಿರುಗಿ ನಿಂತ. "ಮಾರಿ ಕಾಣಬೇಕು ನೋಡು."

ಮೊದಲ ಸಾಲಿನಿಂದ ಯಂಕವ್ವ ಎಷ್ಟೋ ದಿನಗಳ ನಂತರ ಗಂಡನಿಗೆ ನೇರವಾಗಿ ಒಂದು ಮಾತು ಹೇಳಿದಳು. "ಶಾಲ ತುಳೀಲಿಕ್ಕತ್ತೀರಿ. ತಗೋರಿ ಅದನ್ನ."

ಅಪ್ಪಾಸಾಹೇಬರಿಗೆ ಕನ್ನಡ ಒಂದಕ್ಷರವೂ ತಿಳಿದಿರಲಿಲ್ಲ. ಆದರೂ ಟೋಪಿ ತೆಗೆದು ಕಣ್ಣೊರೆಸಿಕೊಂಡು, ವಾಂಖೆಡೆಯ ಬಗ್ಗೆ ಇಷ್ಟು ಒಳ್ಳೆಯ ಭಾಷಣ ತಾನು ಕೇಳಿಯೇ ಇರಲಿಲ್ಲ ಎಂದು ಪಕ್ಕದವರಿಗೆ ಹೇಳಿದರು.

ಮೇ ತಿಂಗಳಲ್ಲಿ ಮದುವೆ. ಯೆರವಡಾದ ಒಂದು ಸೊಸೈಟಿಯ ನೆಲಮಾಳಿಗೆಯ ಸಭಾಂಗಣ. ದತ್ತು ಎರಡು ದಿನ ಮುಂಚೆಯೇ ಬಂದಿದ್ದ. ಅವನ ತಾಯಿ ಶರಣಮ್ಮ ಮಾತ್ರ ಕಾಲು ಮುರಿದುಕೊಂಡು ಊರಲ್ಲೇ ಮಲಗಿದ್ದಳು. ಮೊಮ್ಮಗಳಿಗೆ ತಾಳಿ ಕಟ್ಟುವುದನ್ನು ಮೊಬೈಲಿನಲ್ಲಿ ತೋರಿಸದೆ ಹೋದರೆ ಊಟ ಬಿಡುತ್ತೇನೆಂದು ಹೆದರಿಸಿದ್ದಳು. ಸರಿಯಾಗಿ ಅಕ್ಕಿಕಾಳಿನ ಹೊತ್ತಿಗೆ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಸತ್ತಿತು. ಶರಣಮ್ಮನ ಮುಖ ಮೊಬೈಲಿನಲ್ಲಿ ಚೌಕ ಚೌಕವಾಗಿ ಒಡೆಯಿತು. ಮೇಲೆ, ಮದುಮಗಳ ಹಿಂದಿನ ಗೋಡೆಯಲ್ಲಿ, ಸೂರಿನ ಹತ್ತಿರ ಒಂದು ಕಿಂಡಿ. ಅದರ ಬಳಿ ಹಿಡಿದರೆ ಸಿಗಬಹುದು.

ತಾಯಪ್ಪ ಯಾರೂ ಹೇಳುವ ಮೊದಲೇ ಸ್ಟೂಲು ಎಳೆದು ಒಂದು ಕಾಲು ಅದರ ಮೇಲೆ ಇಟ್ಟಿದ್ದ.

ಅವನ ಪಂಚೆಯನ್ನು ಯಾರೋ ಹಿಂದಿನಿಂದ ಜಗ್ಗಿದರು. ದತ್ತು.

"ಇಳೀರಿ ಭಾವಾರ."

"ನಾ ಹಿಡದ್ರ ಬರ್ತದೋ."

"ಬರ್ಲಿ, ಬಿಡ್ಲಿ. ಮಗಳ ಮದವಿ ಅದ. ನೀವು ಕೆಳಗ ನಿಂತು ನೋಡ್ರಿ." ದತ್ತು ಮೊಬೈಲು ಕಸಿದುಕೊಂಡು ಸ್ಟೂಲು ಹತ್ತಿದ. "ಸೋದರಮಾವ ಬೆನ್ನ ಹಿಂದ ನಿಂದ್ರಬೇಕು, ಅಷ್ಟಲ್ಲೇನು? ನಿಂತೀನಿ. ಒಂದೀಟು ಮ್ಯಾಲ ನಿಂತೀನಿ."

ದತ್ತುವಿನ ಮೈಯಲ್ಲಿ ತಂತಿ ಇರಲಿಲ್ಲ. ಚಿತ್ರ ಬಂತು, ಹೋಯಿತು. "ಜೇಲ್ ಕಡಿ ಸ್ವಲ್ಪ" ಎಂದು ಭೀಮು ಕೆಳಗಿನಿಂದ ಒದರಿದ. ಯಾದಗಿರಿಯಿಂದ ಶರಣಮ್ಮನೂ ಅದನ್ನು ಕೇಳಿಸಿಕೊಂಡು, ಏನೂ ಅರ್ಥವಾಗದೆ, "ಹಾಂ, ಜೇಲ್ ಕಡಿ" ಎಂದು ಒದರಿದಳು. ಎಡಗಾಲು ಎತ್ತಿ, ಕೈ ಮೇಲೆ ಮಾಡಿ, ಸೋದರಮಾವ ಮದುಮಗಳ ಬೆನ್ನ ಹಿಂದೆ ಶಾಸ್ತ್ರೋಕ್ತವಾಗಿ ನಿಂತ.

ಅಕ್ಕಿಕಾಳು ಬಿದ್ದವು. ತಾಯಪ್ಪ ಕಣ್ಣು ಪಿಳುಕಿಸಲಿಲ್ಲ.

ಮರುವಾರ ಟಪರಿಯಲ್ಲಿ ಚಹಾ ಬಂದ ಕೂಡಲೆ ಅಪ್ಪಾಸಾಹೇಬರು ಗಂಭೀರವಾಗಿ ಕೇಳಿದರು. "ತಾಯಪ್ಪಾ, ಮಗಳ ಕೊರಳಿಗೆ ತಾಳಿ ಬಿದ್ದಾಗ ನೀನು ಎಲ್ಲಿದ್ದಿ?"

ಬೆಂಚು ಹಲ್ಲು ತೋರಿಸಿತು. ತಾಯಪ್ಪ ಅವಸರ ಮಾಡಲಿಲ್ಲ. ಚಹಾ ಒಂದು ಗುಟುಕು ಕುಡಿದು, ಗ್ಲಾಸು ಕೆಳಗಿಟ್ಟ.

"ಕೆಳಗ ಇದ್ದೆರಿ" ಎಂದ. "ಎಲ್ಲಾ ಕಾಣ್ತು."